ಇಂಗ್ಲಿಷ್ ಬೈಗುಳ ಅರ್ಥಮಾಡಿಕೊಳ್ಳುವುದು ಹೇಗೆ

ಶಾಲೆಯಲ್ಲಿ ಕಲಿತ ಇಂಗ್ಲಿಷ್ ಎಷ್ಟೇ ಗಟ್ಟಿಯಿರಲಿ, ವೆಬ್ ಸರಣಿಯ ಜಗಳದ ದೃಶ್ಯವೋ ಆನ್‌ಲೈನ್ ಆಟದ ಚಾಟೋ ಇಂಗ್ಲಿಷ್ ಮನೆಮಾತಿನ ಸಹೋದ್ಯೋಗಿಗಳ ಹರಟೆಯೋ ಎದುರಾದಾಗ ಅರ್ಧ ಮಾತು ತಲೆಗೆ ಹತ್ತುವುದಿಲ್ಲ. ಪಠ್ಯಪುಸ್ತಕ ಬೈಗುಳದ ತಂಟೆಗೇ ಹೋಗುವುದಿಲ್ಲ. ನಿಘಂಟು ಹೇಳುತ್ತದೆ, ಆದರೆ ಅದು ಕೊಡುವ ಮೊದಲ ಅರ್ಥ ಬಹಳ ಸಲ ದಾರಿ ತಪ್ಪಿಸುತ್ತದೆ. 'ಫಕ್' ಎಂದರೆ ಸಂಭೋಗ ಎಂದು ಓದಿಕೊಂಡವರಿಗೆ 'ಫಕಿಂಗ್ ಬ್ರಿಲಿಯಂಟ್' ಎಂಬ ಹೊಗಳಿಕೆ ಹೇಗೆ ಅರ್ಥವಾದೀತು? ಬೈಗುಳದ ಅರ್ಥ ಪದದಲ್ಲಿ ಸ್ವಲ್ಪ ಮಾತ್ರ ಇರುತ್ತದೆ. ಉಳಿದದ್ದೆಲ್ಲ ಅದು ಯಾರ ಮೇಲೆ ಬೀಳುತ್ತದೆ, ವಾಕ್ಯದಲ್ಲಿ ಎಲ್ಲಿ ಕೂರುತ್ತದೆ, ಯಾವ ದೇಶದವರ ಬಾಯಿಂದ ಬರುತ್ತದೆ ಎಂಬುದರಲ್ಲಿದೆ. ಇಲ್ಲಿ ಪದಗಳನ್ನು ಮರೆಮಾಚದೆ ಬರೆಯಲಾಗಿದೆ. ಚುಕ್ಕಿ ಇಟ್ಟು ಬರೆದರೆ ವಿವರಿಸಲು ಆಗುವುದಿಲ್ಲ.

ಮೊದಲು ನೋಡಬೇಕಾದದ್ದು: ಯಾರ ಮೇಲೆ ಬಿತ್ತು?

ಕಾಲಿನ ಬೆರಳು ಮೇಜಿಗೆ ಬಡಿದಾಗ ಬರುವ 'ಶಿಟ್!', 'ಫಕ್!', 'ಡ್ಯಾಮ್!' ಯಾರನ್ನೂ ಬೈಯುವುದಿಲ್ಲ. ನಮ್ಮ 'ಥತ್!' ಮಾಡುವ ಕೆಲಸವನ್ನೇ ಅವು ಮಾಡುತ್ತವೆ. ಇದರಿಂದ ನೋವು ತಡೆದುಕೊಳ್ಳಲು ನಿಜಕ್ಕೂ ಸಹಾಯವಾಗುತ್ತದೆ. ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊರೆಯುವ ತಣ್ಣೀರಿನಲ್ಲಿ ಕೈ ಇಟ್ಟವರು ಸಾಧಾರಣ ಪದ ಹೇಳುತ್ತಿದ್ದಾಗಿನದಕ್ಕಿಂತ ಬೈಗುಳ ಹೇಳುತ್ತಿದ್ದಾಗ ಹೆಚ್ಚು ಹೊತ್ತು ತಡೆದುಕೊಂಡರು. ಹೀಗಾಗಿ ಪಕ್ಕದಲ್ಲಿದ್ದವರು ಇಂಥ ಉದ್ಗಾರ ತೆಗೆದರೆ ನೀವು ನೊಂದುಕೊಳ್ಳಬೇಕಾಗಿಲ್ಲ.

ಎರಡನೆಯ ಬಗೆ ವಸ್ತುವಿನ ಮೇಲೆ ಬೀಳುವಂಥದ್ದು: 'ದಿಸ್ ಫಕಿಂಗ್ ಪ್ರಿಂಟರ್'. ಸಿಟ್ಟು ಯಂತ್ರದ ಮೇಲೆ. ಮೂರನೆಯದು ಬರೀ ಒತ್ತು ಕೊಡುವಂಥದ್ದು: 'ಡ್ಯಾಮ್ ಗುಡ್', 'ಬ್ಲಡಿ ಮಾರ್ವೆಲಸ್'. ಇವುಗಳಲ್ಲಿ ಆ ಪದದ ಅರ್ಥ 'ತುಂಬಾ' ಎಂದಷ್ಟೇ. ನಾಲ್ಕನೆಯದು ಮಾತ್ರ ನಿಜವಾದ ಬೈಗುಳ, ಅಂದರೆ ಎದುರಿನ ಮನುಷ್ಯನಿಗೆ ತಾಗುವುದು: 'ಫಕ್ ಯೂ', 'ಯು ಆ್ಯಸ್‌ಹೋಲ್'.

ಮೂರನೆಯದನ್ನೂ ನಾಲ್ಕನೆಯದನ್ನೂ ಬೇರೆ ಮಾಡಲು ವ್ಯಾಕರಣದ ಒಂದು ಗುರುತು ಇದೆ. 'ಯು ಆರ್ ಫಕಿಂಗ್ ಅಮೇಜಿಂಗ್' ಎಂಬುದರಲ್ಲಿ 'ಯು' ನಂತರ 'ಆರ್' ಇದೆ, ಕೊನೆಗೆ ಹೊಗಳುವ ಗುಣವಾಚಕ ಇದೆ, ಇದು ಮೆಚ್ಚುಗೆ. 'ಯು ಫಕಿಂಗ್ ಈಡಿಯಟ್' ಎಂಬುದರಲ್ಲಿ ಕ್ರಿಯಾಪದವೇ ಇಲ್ಲ, 'ಯು' ಆದಮೇಲೆ ನೇರವಾಗಿ ನಾಮಪದ ಬಂತು, ಇದು ಬೈಗುಳ. ಅಪವಾದವೂ ಇದೆ. ಲಾಟರಿ ಹೊಡೆದ ಗೆಳೆಯನಿಗೆ 'ಯು ಲಕಿ ಬಾಸ್ಟರ್ಡ್' ಎನ್ನುವುದು ನಾವು ಸಲುಗೆಯಿಂದ 'ಅದೃಷ್ಟ ಮಾಡಿದೀಯ ಮಗನೇ' ಎಂದಂತೆ. 'ಲಕಿ', 'ಕ್ಲೆವರ್' ತರಹದ ಒಳ್ಳೆಯ ಪದ ನಡುವೆ ಇದ್ದು, ಮುಖದಲ್ಲಿ ನಗು ಇದ್ದರೆ ಅದು ಸಲುಗೆಯೆಂದೇ ತಿಳಿಯಿರಿ.

ಪದ ತೆಗೆದು ನೋಡಿ

ಇದು ಅತ್ಯಂತ ಉಪಯೋಗದ ಪರೀಕ್ಷೆ. ವಾಕ್ಯದಿಂದ ಬೈಗುಳವನ್ನು ತೆಗೆದುಹಾಕಿ. ವಾಕ್ಯ ಹಾಗೇ ನಿಂತರೆ ಆ ಪದ ಬರೀ ಕಾವು. ಕುಸಿದುಬಿದ್ದರೆ ಅದು ನುಡಿಗಟ್ಟು. ಅದರ ಅರ್ಥವನ್ನು ಬೇರೆಯಾಗಿಯೇ ಕಲಿಯಬೇಕು.

'ವಾಟ್ ದ ಹೆಲ್ ಹ್ಯಾಪನ್ಡ್', 'ಶಟ್ ದ ಫಕ್ ಅಪ್', 'ಗೆಟ್ ದ ಹೆಲ್ ಔಟ್' ಇವುಗಳಲ್ಲಿ 'ದ ಹೆಲ್', 'ದ ಫಕ್' ತೆಗೆದರೂ ಪ್ರಶ್ನೆ ಪ್ರಶ್ನೆಯಾಗಿಯೇ, ಆಜ್ಞೆ ಆಜ್ಞೆಯಾಗಿಯೇ ಉಳಿಯುತ್ತದೆ. ಇವು ಕೂರುವ ಜಾಗವೂ ನಿಗದಿ: ಒಂದೋ ವಾಟ್, ಹೂ, ವೇರ್, ವೈ ಮುಂತಾದ ಪ್ರಶ್ನಪದ ಆದ ಕೂಡಲೇ, ಇಲ್ಲವೇ ಕ್ರಿಯಾಪದಕ್ಕೂ 'ಅಪ್', 'ಔಟ್' ತರಹದ ಬಾಲಕ್ಕೂ ನಡುವೆ. 'ವಿಚ್ ದ ಹೆಲ್' ಎಂದು ಯಾರೂ ಹೇಳುವುದಿಲ್ಲ.

ಪದದ ಹೊಟ್ಟೆಯೊಳಗೇ ಬೈಗುಳ ತುರುಕುವುದೂ ಉಂಟು: 'ಆ್ಯಬ್ಸೊ-ಫಕಿಂಗ್-ಲೂಟ್ಲಿ', 'ಫ್ಯಾನ್-ಬ್ಲಡಿ-ಟ್ಯಾಸ್ಟಿಕ್'. ಇದಕ್ಕೂ ನಿಯಮವಿದೆ. ಮೂಲ ಪದದಲ್ಲಿ ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತದೋ ಅದರ ಮುಂಚೆಯೇ ಸೇರುತ್ತದೆ. 'ಫ್ಯಾಂಟ್ಯಾಸ್-ಬ್ಲಡಿ-ಟಿಕ್' ಎಂದರೆ ಕೇಳಿದವರಿಗೆ ನಗು ಬರುತ್ತದೆ. ವೇಗದ ಮಾತಿನಲ್ಲಿ ಅರ್ಥವಾಗದ ಉದ್ದನೆಯ ಪದ ಬಂದರೆ ನಡುವಿನ ತುಂಡನ್ನು ಮನಸ್ಸಿನಲ್ಲೇ ಕಿತ್ತು ನೋಡಿ, ಪರಿಚಯದ ಪದವೇ ಸಿಕ್ಕೀತು.

ಇನ್ನು ನುಡಿಗಟ್ಟುಗಳು. ತೊಡಕೆಲ್ಲ ಇಲ್ಲೇ ಇರುವುದು, ಸಮಯ ಕೊಟ್ಟು ಕಲಿಯಿರಿ. 'ಐ ಫಕ್ಡ್ ಅಪ್' ಎಂದರೆ ಕೆಲಸ ಕೆಡಿಸಿದೆ, ದೊಡ್ಡ ತಪ್ಪು ಮಾಡಿದೆ. 'ದೇ ಫಕ್ಡ್ ಮಿ ಓವರ್' ಎಂದರೆ ನನಗೆ ಮೋಸ ಮಾಡಿದರು. 'ಡೋಂಟ್ ಫಕ್ ವಿತ್ ಹಿಮ್' ಎಂದರೆ ಅವನನ್ನು ಕೆಣಕಬೇಡ. 'ವಿ ಆರ್ ಫಕ್ಡ್' ಎಂದರೆ ನಮ್ಮ ಕತೆ ಮುಗೀತು. 'ಫಕ್ ಇಟ್' ಎಂದರೆ ಹಾಳಾಗಿ ಹೋಗಲಿ ಬಿಡು. 'ಫಕ್ ಆಲ್' ಎಂದರೆ ಏನೇನೂ ಇಲ್ಲ. ಇದು ಮುಖ್ಯವಾಗಿ ಬ್ರಿಟಿಷರ ಮಾತು, 'ಬಗ್ಗರ್ ಆಲ್' ಅದರ ಮೃದು ರೂಪ. 'ಫಕ್ ಆಫ್' ಸಾಮಾನ್ಯವಾಗಿ 'ತೊಲಗು' ಎಂದಾದರೂ, ನಂಬಲಾಗದ ಸುದ್ದಿ ಹೇಳಿದ ಗೆಳೆಯನಿಗೆ ದನಿ ಎಳೆದು ಹೇಳಿದರೆ 'ಹೋಗೋ, ಸುಳ್ಳು ಹೇಳಬೇಡ' ಎಂದಷ್ಟೇ.

'ಶಿಟ್' ವಿಷಯದಲ್ಲಿ ಒಂದು ಸಣ್ಣ 'ದ' ಅರ್ಥವನ್ನು ತಲೆಕೆಳಗು ಮಾಡುತ್ತದೆ. 'ದಿಸ್ ಈಸ್ ಶಿಟ್' ಎಂದರೆ ಇದು ಕಳಪೆ. ಅಮೆರಿಕನ್ನರು 'ದಿಸ್ ಈಸ್ ದ ಶಿಟ್' ಎಂದರೆ ಇದಕ್ಕಿಂತ ಒಳ್ಳೆಯದಿಲ್ಲ. ಬ್ರಿಟನ್ನಿನಲ್ಲಿ 'ಬಾಲಕ್ಸ್' ಎಂದರೆ ಶುದ್ಧ ಸುಳ್ಳು, ಅಸಂಬದ್ಧ. 'ದ ಡಾಗ್ಸ್ ಬಾಲಕ್ಸ್' ಎಂದರೆ ಅತ್ಯುತ್ತಮ. 'ನೋ ಶಿಟ್' ಎರಡು ಥರ: ದನಿ ಏರಿದರೆ 'ನಿಜವಾಗಲೂ?', ದನಿ ಚಪ್ಪಟೆಯಾಗಿದ್ದರೆ 'ಅದು ಎಲ್ಲರಿಗೂ ಗೊತ್ತು, ನೀನೇನು ಹೇಳೋದು' ಎಂಬ ಕುಹಕ. 'ಐ ಡೋಂಟ್ ಗಿವ್ ಎ ಶಿಟ್' ಎಂದರೆ ನನಗೇನೂ ಲೆಕ್ಕವಿಲ್ಲ. 'ಶಿಟ್‌ಫೇಸ್ಡ್' ಎಂದರೆ ಕುಡಿದು ಚಿತ್ತಾದವನು.

ಅಮೆರಿಕನ್ನರ 'ಆ್ಯಸ್' ದೇಹದ ಭಾಗವನ್ನು ಸೂಚಿಸುವುದು ಅಪರೂಪ. 'ಮೂವ್ ಯುವರ್ ಆ್ಯಸ್', 'ಯು ಸೇವ್ಡ್ ಮೈ ಆ್ಯಸ್' ಇವುಗಳಲ್ಲಿ ಅದರ ಅರ್ಥ 'ನೀನು', 'ನಾನು'. ಗುಣವಾಚಕಕ್ಕೆ ಅಂಟಿ 'ಬಿಗ್-ಆ್ಯಸ್ ಕಾರ್' ಎಂದಾದರೆ ಭಾರೀ ದೊಡ್ಡ ಕಾರು, ಅಷ್ಟೇ. 'ಬ್ಯಾಡ್‌ಆ್ಯಸ್' ಮೆಚ್ಚುಗೆ, 'ಡಂಬ್‌ಆ್ಯಸ್' ದಡ್ಡ, 'ಸ್ಮಾರ್ಟ್‌ಆ್ಯಸ್' ಅಧಿಕಪ್ರಸಂಗಿ, 'ಹಾಫ್-ಆ್ಯಸ್ಡ್' ಅರೆಮನಸ್ಸಿನಿಂದ ಮಾಡಿದ ಕೆಲಸ. ಬ್ರಿಟಿಷರು ಇದನ್ನೇ 'ಆರ್ಸ್' ಎನ್ನುತ್ತಾರೆ. ಅವರ 'ಐ ಕಾಂಟ್ ಬಿ ಆರ್ಸ್ಡ್' ಎಂದರೆ ನನಗೆ ಮನಸ್ಸಿಲ್ಲ, ಯಾರು ಮಾಡ್ತಾರೆ.

ಎಷ್ಟು ಖಾರ?

ಕಲಿತ ಭಾಷೆಯ ಬೈಗುಳ ಕಿವಿಗೆ ಬೀಳುತ್ತದೆ, ಎದೆಗೆ ತಾಗುವುದಿಲ್ಲ. ಬಹುಭಾಷಿಕರ ಮೇಲೆ ನಡೆದ ಅಧ್ಯಯನಗಳಲ್ಲೂ ಇದೇ ಕಂಡಿದೆ: ಸಾಮಾನ್ಯವಾಗಿ ಮೊದಲ ಭಾಷೆಯ ಬೈಗುಳವೇ ಹೆಚ್ಚು ಚುಚ್ಚುತ್ತದೆ. ಹಾಗಾಗಿ 'ನನಗೇನೂ ಅನ್ನಿಸಲಿಲ್ಲ, ಇದು ಮೃದುವೇ ಇರಬೇಕು' ಎಂದು ಅಳೆಯಬೇಡಿ. ಹೊರಗಿನ ಅಳತೆಗೋಲು ಬೇಕು.

ಅಂಥದ್ದೊಂದನ್ನು ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಜನರನ್ನು ಕೇಳಿ ತಯಾರಿಸಿದೆ. ಅದರ 2016ರ ವಿಂಗಡಣೆಯಲ್ಲಿ ನಾಲ್ಕು ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ಬ್ಲಡಿ, ಡ್ಯಾಮ್, ಕ್ರ್ಯಾಪ್, ಬಗ್ಗರ್, ಆರ್ಸ್. ಅದರ ಮೇಲೆ ಶಿಟ್, ಬುಲ್‌ಶಿಟ್, ಬಿಚ್, ಬಾಲಕ್ಸ್. ಮೂರನೆಯದರಲ್ಲಿ ಬಾಸ್ಟರ್ಡ್, ಪ್ರಿಕ್, ಡಿಕ್‌ಹೆಡ್, ಟ್ವಾಟ್. ತುತ್ತತುದಿಯಲ್ಲಿ ಫಕ್, ಮದರ್‌ಫಕರ್, ಕಂಟ್. ಬ್ರಿಟಿಷ್ ಟಿವಿಯಲ್ಲಿ ಅತಿ ಖಾರದ ಪದಗಳು ರಾತ್ರಿ 9ರಿಂದ ಬೆಳಗಿನ 5.30ರವರೆಗಿನ ಅವಧಿಯಲ್ಲೇ ಬರಬೇಕು. ಅಮೆರಿಕದ ಸಿನಿಮಾ ಶ್ರೇಣಿಯೂ ಒಳ್ಳೆಯ ಸುಳಿವು ಕೊಡುತ್ತದೆ. ಪಿಜಿ-13 (13ರೊಳಗಿನ ಮಕ್ಕಳ ಪೋಷಕರಿಗೆ ಎಚ್ಚರಿಕೆ) ಶ್ರೇಣಿಯ ಚಿತ್ರದಲ್ಲಿ 'ಫಕ್' ಸಾಮಾನ್ಯವಾಗಿ ಒಂದೇ ಸಲ ಬರಬಹುದು, ಅದೂ ಉದ್ಗಾರವಾಗಿ. ಲೈಂಗಿಕ ಅರ್ಥದಲ್ಲಿ ಬಂದರೆ ಒಂದು ಸಲವೇ ಆದರೂ ಚಿತ್ರ ಸಾಮಾನ್ಯವಾಗಿ ಇನ್ನೂ ಬಿಗಿಯಾದ ಆರ್ ಶ್ರೇಣಿಗೆ ಏರುತ್ತದೆ.

ಮೆಟ್ಟಿಲು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1914ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ನಟಿಯೊಬ್ಬರು ವೇದಿಕೆಯ ಮೇಲೆ 'ಬ್ಲಡಿ' ಎಂದದ್ದು ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. 2006ರಲ್ಲಿ ಆಸ್ಟ್ರೇಲಿಯಾ ತನ್ನ ಪ್ರವಾಸೋದ್ಯಮದ ಜಾಹೀರಾತಿಗೇ ಆ ಪದ ಬಳಸಿತು, ಆದರೆ ಬ್ರಿಟನ್ನಿನ ಟಿವಿಯಲ್ಲಿ ಅದಕ್ಕೆ ಅಡ್ಡಿ ಎದುರಾಯಿತು. ಒಂದೇ ಪದ, ಒಂದೇ ವರ್ಷ, ಎರಡು ದೇಶ. ಇನ್ನೊಂದು ವಿಷಯ: ಅಮೆರಿಕದ ಧರ್ಮಶ್ರದ್ಧೆಯ ಕುಟುಂಬಗಳಲ್ಲಿ 'ಗಾಡ್‌ಡ್ಯಾಮ್', 'ಜೀಸಸ್ ಕ್ರೈಸ್ಟ್!' ಎಂಬ ಉದ್ಗಾರಗಳು 'ಶಿಟ್'ಗಿಂತ ಹೆಚ್ಚು ನೋಯಿಸಬಲ್ಲವು. ಪಟ್ಟಿಯಲ್ಲಿ ಕೆಳಗಿವೆ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ.

ಗಡಿ ದಾಟಿದರೆ ಅರ್ಥ ಬೇರೆ

'ಪಿಸ್ಡ್' ಅಮೆರಿಕದಲ್ಲಿ ಸಿಟ್ಟಾದವನು, ಬ್ರಿಟನ್ನಿನಲ್ಲಿ ಕುಡಿದವನು. 'ಪಿಸ್ಡ್ ಆಫ್' ಎರಡೂ ಕಡೆ ಸಿಟ್ಟೇ. ಬ್ರಿಟಿಷರ 'ಟೇಕಿಂಗ್ ದ ಪಿಸ್' ಎಂದರೆ ಗೇಲಿ ಮಾಡುವುದು, ಅಥವಾ ಒಳ್ಳೆಯತನವನ್ನು ದುರುಪಯೋಗ ಮಾಡಿಕೊಳ್ಳುವುದು. 'ಫ್ಯಾನಿ' ಅಮೆರಿಕನ್ನರಿಗೆ ಕುಂಡಿಗೆ ಹೇಳುವ ಮಕ್ಕಳ ಮಾತಿನಂಥ ಪದ. ಬ್ರಿಟನ್ನಿನಲ್ಲಿ ಹೆಣ್ಣಿನ ಗುಪ್ತಾಂಗ. ಸೊಂಟಕ್ಕೆ ಕಟ್ಟುವ ಚೀಲಕ್ಕೆ ಅಮೆರಿಕನ್ನರು 'ಫ್ಯಾನಿ ಪ್ಯಾಕ್' ಎಂದರೆ ಬ್ರಿಟಿಷರು ನಗುವುದು ಇದಕ್ಕೇ. ಆಸ್ಟ್ರೇಲಿಯಾದಲ್ಲಿ 'ರೂಟ್' ಎಂದರೆ ಸಂಭೋಗ, ಹಾಗಾಗಿ ತಂಡವನ್ನು ಬೆಂಬಲಿಸುತ್ತೇನೆ ಎನ್ನಲು ಅಮೆರಿಕನ್ನರಂತೆ 'ರೂಟ್ ಫಾರ್' ಎನ್ನದಿರುವುದು ಕ್ಷೇಮ. 'ಕಂಟ್' ಅಮೆರಿಕದಲ್ಲಿ ಹೆಣ್ಣಿಗೆ ಹೇಳಬಹುದಾದ ಅತ್ಯಂತ ಹೀನ ಪದ. ಸ್ಕಾಟ್ಲೆಂಡ್, ಆಸ್ಟ್ರೇಲಿಯಾಗಳ ಕೆಲವು ಗೆಳೆಯರ ಗುಂಪಿನಲ್ಲಿ ಅದೇ ಪದ 'ಮಾರಾಯ' ಎಂಬಷ್ಟು ಸಲೀಸಾಗಿ ಓಡಾಡುತ್ತದೆ. ಆ ಸಲೀಸು ಅವರದು, ಹೊರಗಿನವರಿಗೆ ಸಿಗುವುದಿಲ್ಲ. ಕೈಸನ್ನೆಯೂ ಹೀಗೇ: ಎರಡು ಬೆರಳೆತ್ತಿ ಕೈಯ ಹಿಂಬದಿ ಎದುರಿನವರಿಗೆ ಕಾಣುವಂತೆ ತೋರಿಸಿದರೆ ಬ್ರಿಟನ್ನಿನಲ್ಲಿ ಅದು ಗೆಲುವಿನ ಗುರುತಲ್ಲ, 'ಫಕ್ ಆಫ್'.

ಬೇರೆಯೇ ಜಾತಿಯ ಪದಗಳು

ಜನಾಂಗ, ಲೈಂಗಿಕತೆ, ಅಂಗವೈಕಲ್ಯ ಹಿಡಿದು ಹೀಯಾಳಿಸುವ ಪದಗಳಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಇವುಗಳ ಗಾಯ ಒಬ್ಬ ಮನುಷ್ಯನದಲ್ಲ, ಇಡೀ ಸಮುದಾಯದ್ದು; ದನಿ, ನಗು, ಸಲುಗೆ ಯಾವುದೂ ಅದನ್ನು ಮೃದು ಮಾಡುವುದಿಲ್ಲ. ಕಪ್ಪು ಜನರ ಬಗೆಗಿನ ಪದವನ್ನು ಸುದ್ದಿಯಲ್ಲೂ 'ಎನ್-ವರ್ಡ್' ಎಂದೇ ಹೇಳುತ್ತಾರೆ. ಹಾಡುಗಳಲ್ಲಿ ಕಪ್ಪು ಕಲಾವಿದರು ಅದನ್ನು ತಮ್ಮೊಳಗೆ ಬಳಸುತ್ತಾರೆ. ಹಾಡಿನ ಜೊತೆ ಗುನುಗುವಾಗಲೂ ಬೇರೆಯವರು ಆ ಪದ ಬಿಟ್ಟುಬಿಡಬೇಕು. ಬ್ರಿಟನ್ನಿನಲ್ಲಿ 'ಪಾಕಿ' ಒಂದು ದೇಶದ ಹೆಸರಿನ ಮುದ್ದು ರೂಪವಲ್ಲ. ದಕ್ಷಿಣ ಏಷ್ಯಾದ ಮುಖವುಳ್ಳ ಯಾರ ಮೇಲಾದರೂ ಎಸೆಯುವ ಜನಾಂಗೀಯ ನಿಂದನೆ ಅದು. 'ರಿಟಾರ್ಡ್' ಅಮೆರಿಕದಲ್ಲಿ, 'ಸ್ಪ್ಯಾಸ್ಟಿಕ್' ಬ್ರಿಟನ್ನಿನಲ್ಲಿ ತೀರಾ ಕೆಟ್ಟದೆನಿಸುತ್ತವೆ. ಹಳೆಯ ಸಿನಿಮಾಗಳಲ್ಲಿ ಇವು ಸಲೀಸಾಗಿ ಬರುವುದರಿಂದ ಕಲಿಯುವವರು ಮೋಸಹೋಗುತ್ತಾರೆ.

ವೇಷ ಹಾಕಿದ ಬೈಗುಳ

ಗಾಶ್ ಎಂದರೆ ಗಾಡ್, ಜೀಝ್ ಎಂದರೆ ಜೀಸಸ್, ಹೆಕ್ ಎಂದರೆ ಹೆಲ್, ಡಾರ್ನ್ ಎಂದರೆ ಡ್ಯಾಮ್, ಶೂಟ್ ಅಥವಾ ಶುಗರ್ ಎಂದರೆ ಶಿಟ್, ಫ್ರೀಕಿಂಗ್ ಮತ್ತು ಎಫಿಂಗ್ ಎಂದರೆ ಫಕಿಂಗ್. ಐರ್ಲೆಂಡಿನ 'ಫೆಕ್' ಅವರಲ್ಲಿ ಸಾಕಷ್ಟು ಮೃದು. ಚಾಟ್‌ನಲ್ಲಿ ಎಫ್ ಎಂಬ ಅಕ್ಷರ ಕಂಡರೆ ಮೊದಲು 'ಫಕ್' ಅನ್ನೇ ಶಂಕಿಸಿ: ಡಬ್ಲ್ಯೂಟಿಎಫ್ (ವಾಟ್ ದ ಫಕ್), ಎಫ್‌ಎಫ್‌ಎಸ್ (ಫಾರ್ ಫಕ್ಸ್ ಸೇಕ್), ಎಸ್‌ಟಿಎಫ್‌ಯು (ಶಟ್ ದ ಫಕ್ ಅಪ್), ಗುಣವಾಚಕದ ನಂತರ ಬರುವ ಎಎಫ್ (ಆ್ಯಸ್ ಫಕ್). ಕೊನೆಯದರಲ್ಲಿ 'ಟೈರ್ಡ್ ಎಎಫ್' ಎಂದರೆ ವಿಪರೀತ ದಣಿದಿದ್ದೇನೆ. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರು ಹುಟ್ಟುಹಾಕಿದ 'ಸ್ನಾಫು' (ಸಿಚುಯೇಶನ್ ನಾರ್ಮಲ್, ಆಲ್ ಫಕ್ಡ್ ಅಪ್) ಈಗ ಪತ್ರಿಕೆಗಳಲ್ಲೂ 'ಗೊಂದಲ' ಎಂಬರ್ಥದಲ್ಲಿ ಬರುತ್ತದೆ, ಅದರೊಳಗಿನ ಎಫ್ ಬಹಳ ಜನರಿಗೆ ನೆನಪೇ ಇಲ್ಲ.

ನಿಘಂಟು ನೋಡುವಾಗ, ಮಾತಿಗೆ ಇಳಿದಾಗ

ಅರ್ಥ ಓದುವ ಮೊದಲು ಅದರ ಜೊತೆಗಿರುವ ಸಣ್ಣ ಗುರುತು ಓದಿ. 'ವಲ್ಗರ್' ಎಂದಿದ್ದರೆ ಪದ ಹೊಲಸು, ಆದರೆ ಯಾರನ್ನೂ ಹೀಯಾಳಿಸದೆ ಇರಬಹುದು. 'ಡೆರೊಗೇಟರಿ' ಎಂದಿದ್ದರೆ ಕೀಳಾಗಿ ಕಾಣುವ ಪದ. 'ಅಫೆನ್ಸಿವ್' ಎಂದಿದ್ದರೆ, ವಿಶೇಷವಾಗಿ ಜನರ ಗುಂಪಿನ ಬಗ್ಗೆ, ಬಾಯಿಗೇ ತರಬೇಡಿ. 'ಬ್ರಿಟಿಷ್', 'ನಾರ್ತ್ ಅಮೆರಿಕನ್' ಎಂಬ ಗುರುತನ್ನು ಹಾರಿಸಬೇಡಿ.

ಹೆಚ್ಚಿನವರು ಎಡವುವುದು ಸಿನಿಮಾದ ಮಾತನ್ನು ಹಾಗೇ ಎತ್ತಿ ಆಡುವಲ್ಲಿ. ಒತ್ತು ತಪ್ಪಿದರೆ ತಮಾಷೆ ಬೈಗುಳವಾಗುತ್ತದೆ, ಮತ್ತು ಕಲಿತ ಭಾಷೆಯಲ್ಲಿ ಮಾತಾಡುವವರ ಬಾಯಲ್ಲಿ ಅದೇ ಪದ ಇನ್ನೂ ಒರಟಾಗಿ ಕೇಳಿಸುವುದುಂಟು. ಗುಂಪಿನಲ್ಲಿ ಎಲ್ಲರೂ ಬೈಯುತ್ತಿದ್ದರೂ ನೀವು ಬೈಯಲೇಬೇಕೆಂದಿಲ್ಲ. ಬೈಯದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಸಿಟ್ಟು ತೋರಿಸಲೇಬೇಕಾದರೆ 'ಡ್ಯಾಮ್' ಅಥವಾ 'ಕ್ರ್ಯಾಪ್' ಸಾಕು, ಅದೂ ಮನುಷ್ಯರ ಮೇಲಲ್ಲ.

ಬೈಗುಳ ನಿಜಕ್ಕೂ ನಿಮ್ಮ ಮೇಲೇ ಬಿದ್ದರೆ ಬೈಗುಳದಿಂದ ಉತ್ತರಿಸಬೇಡಿ, ಖಾರದ ಅಂದಾಜು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ದನಿ ಏರಿಸದೆ 'ಡೋಂಟ್ ಟಾಕ್ ಟು ಮಿ ಲೈಕ್ ದಟ್' ಎನ್ನಿ. ಕಚೇರಿಯಲ್ಲಾದರೆ ಆಡಿದ ಪದವನ್ನು ಇದ್ದಂತೆಯೇ, ಸಮಯದ ಜೊತೆ ಬರೆದಿಟ್ಟುಕೊಳ್ಳಿ. ತಮಾಷೆಯೋ ಬೈಗುಳವೋ ತಿಳಿಯದಿದ್ದರೆ 'ವಾಟ್ ಡು ಯು ಮೀನ್ ಬೈ ದಟ್?' ಎಂದು ಸಮಾಧಾನದಿಂದ ಕೇಳಿ. ತಮಾಷೆಯಾಗಿದ್ದರೆ ಅವರೇ ನಕ್ಕು ವಿವರಿಸುತ್ತಾರೆ. ಯಾರಾದರೂ 'ಪಾರ್ಡನ್ ಮೈ ಫ್ರೆಂಚ್' ಎಂದರೆ ಫ್ರೆಂಚ್ ಭಾಷೆಯ ಮಾತೇ ಅಲ್ಲಿಲ್ಲ. ಬಾಯಿತಪ್ಪಿ ಬೈಗುಳ ಬಂತು, ಕ್ಷಮಿಸಿ ಎನ್ನುತ್ತಿದ್ದಾರೆ, 'ನೋ ವರೀಸ್' ಎಂದರೆ ಮುಗಿಯಿತು.