ಐಟಿಐ, ಪಾಲಿಟೆಕ್ನಿಕ್ ಮಾಸ್ಟ್ರು ವಿದೇಶಕ್ಕೆ ಹೊರಟರೆ: ಮೊದಲು ಆ ಒಂದು ಪತ್ರ ಸರಿ ಮಾಡಿಸಿ

ನಮ್ಮ ಕರಾವಳಿಯಲ್ಲಿ ವೀಸಾ ‘ಬರುತ್ತದೆ’. ‘ಅವನಿಗೆ ವೀಸಾ ಬಂತಂತೆ, ಮುಂದಿನ ವಾರ ಹೊರಡ್ತಾನೆ’ ಅಂತಲೇ ನಾವು ಮಾತಾಡುವುದು. ಗಲ್ಫಿನ ಮಟ್ಟಿಗೆ ಅದು ಸರಿ. ಅಲ್ಲಿನ ಕಂಪನಿಯೇ ವೀಸಾ ತೆಗೆದು ಕಳಿಸುತ್ತದೆ. ನಾವು ಪಾಸ್‌ಪೋರ್ಟ್, ಸರ್ಟಿಫಿಕೇಟ್ ಕೊಟ್ಟು ಕಾಯುತ್ತೇವೆ. ಆಸ್ಟ್ರೇಲಿಯಾ, ಕೆನಡಾದ ಕೌಶಲ ವಲಸೆ ಬೇರೆಯೇ ಆಟ. ನೀವು ಇಷ್ಟು ವರ್ಷ ಏನು ಮಾಡಿದಿರಿ ಅಂತ ನಿಮ್ಮನ್ನು ಕಂಡೇ ಇರದ ಒಬ್ಬ ಅಧಿಕಾರಿಗೆ ಬರೀ ಕಾಗದದಲ್ಲಿ ತೋರಿಸಬೇಕು.

ನಾನು ಮಂಗಳೂರಿನಲ್ಲಿ ಫಿಟ್ಟರ್ ಟ್ರೇಡಿಗೆ ಪಾಠ ಮಾಡಿದವ. ಜೊತೆಯವರ ಫೈಲು ನೋಡಿಕೊಡುವ ಚಟ ಹೇಗೋ ಅಂಟಿಕೊಂಡಿದೆ. ಹೆಚ್ಚಿನವರು ಇಂಗ್ಲಿಷ್ ಪರೀಕ್ಷೆಗೆ ಹೆದರುತ್ತಾರೆ, ಆದರೆ ಬೀಳುವುದು ಅಲ್ಲಲ್ಲ. ಬೀಳುವುದು ಅನುಭವ ಪತ್ರದಲ್ಲಿ. ಹಾಗಾಗಿ ಅದಕ್ಕೆ ಇಲ್ಲಿ ಜಾಸ್ತಿ ಜಾಗ.

ಹಂತ 1: ಯಾವ ದೇಶ?

ನನ್ನ ಸಲಹೆ ನೇರ: ಐಟಿಐ, ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದವರು ಮೊದಲು ಆಸ್ಟ್ರೇಲಿಯಾ ನೋಡಿ. ‘ವೊಕೇಷನಲ್ ಎಜುಕೇಶನ್ ಟೀಚರ್’ ಅಂತ ಅಲ್ಲಿ ಪ್ರತ್ಯೇಕ ಉದ್ಯೋಗವೇ ಉಂಟು, ಕೋಡ್ 242211. ಕೆನಡಾದಲ್ಲೂ ಕಾಲೇಜು ಮತ್ತು ವೃತ್ತಿ ತರಬೇತಿ ಬೋಧಕರಿಗೆ 41210 ಅನ್ನುವ ಕೋಡ್ ಉಂಟು. ಅಂಕ ನೋಡಿ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕಬಹುದು. ಆದರೆ 2025ರ ಮಾರ್ಚ್‌ನಿಂದ ಅಲ್ಲಿ ಜಾಬ್ ಆಫರ್‌ಗೆ ಸಿಗುತ್ತಿದ್ದ ಅಂಕ ತೆಗೆದುಹಾಕಿದ್ದಾರೆ. ‘ಕೆನಡಾ ಆಫರ್ ಲೆಟರ್ ಕೊಡಿಸ್ತೇವೆ, ಪಾಯಿಂಟ್ ಏರುತ್ತದೆ’ ಅನ್ನುವವರು ಹಳೇ ಪಂಚಾಂಗ ಓದುತ್ತಿದ್ದಾರೆ. ಜರ್ಮನಿಯಲ್ಲಿ 2024ರ ಜೂನ್‌ನಿಂದ ‘ಆಪರ್ಚುನಿಟಿ ಕಾರ್ಡ್’ ಬಂದಿದೆ. ಕೆಲಸ ಹುಡುಕಲು ಒಂದು ವರ್ಷ ಇರಬಹುದು. ಆದರೆ ಅಲ್ಲಿನ ಸರ್ಕಾರಿ ವೃತ್ತಿ ಶಾಲೆಯಲ್ಲಿ ಮಾಸ್ಟ್ರಾಗಲು ಜರ್ಮನ್ ಭಾಷೆಯೂ ಬೇಕು, ಅವರ ಮಾನ್ಯತೆಯೂ ಬೇಕು. ಪಾಠ ಬಿಟ್ಟು ನಿಮ್ಮ ಟ್ರೇಡ್ ಕೆಲಸವನ್ನೇ ಮಾಡುತ್ತೀರಾದರೆ ಅದು ಬೇರೆ ಲೆಕ್ಕ.

ಇನ್ನು ಮುಂದೆ ಬರೆಯುವುದೆಲ್ಲ ಆಸ್ಟ್ರೇಲಿಯಾದ್ದು.

ಹಂತ 2: ಕೋಡ್ ಆರಿಸುವುದು

ಪಾಲಿಟೆಕ್ನಿಕ್‌ನಲ್ಲಿ ‘ಲೆಕ್ಚರರ್’ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಯೂನಿವರ್ಸಿಟಿ ಲೆಕ್ಚರರ್ ಕೋಡ್ ಹಾಕಬೇಡಿ. ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡುವವರು 242211. ನಿಮ್ಮ ಹುದ್ದೆಯ ಹೆಸರು ಅವರಿಗೆ ಬೇಡ, ನೀವು ಮಾಡುವ ಕೆಲಸ ಬೇಕು. ಐಟಿಐಯಲ್ಲಿ ಪಾಠ ಮಾಡುವವರ ಹುದ್ದೆ ಕಿರಿಯ ತರಬೇತಿ ಅಧಿಕಾರಿ ಅಂತ ಇದ್ದರೂ ಅಷ್ಟೇ. ‘ಅಧಿಕಾರಿ’ ಅಂದ ಕೂಡಲೇ ಅಲ್ಲಿ ಆಫೀಸಿನ ಕುರ್ಚಿ ಅಂದುಕೊಳ್ಳುತ್ತಾರೆ.

ಈ ಕೋಡನ್ನು ಪರಿಶೀಲಿಸುವ ಸಂಸ್ಥೆ ವೆಟಾಸೆಸ್. ಅವರ ಸೈಟಿನಲ್ಲಿ ಒಂದೊಂದು ಉದ್ಯೋಗಕ್ಕೂ ಮಾಹಿತಿ ಪತ್ರ ಉಂಟು. ಫೀಸು ಕಟ್ಟುವ ಮೊದಲು ಅದನ್ನು ಪೂರ್ತಿ ಓದಿ. ಇದನ್ನು ಡಿಗ್ರಿ ಮಟ್ಟದ ಉದ್ಯೋಗ ಅಂತ ವರ್ಗ ಮಾಡಿದ್ದಾರೆ. ಬಿಇ ಅಥವಾ ಬೇರೆ ಡಿಗ್ರಿ ಇದ್ದವರಿಗೆ ದಾರಿ ಸಲೀಸು. ಬರೀ ಐಟಿಐ ಮತ್ತು ಸಿಐಟಿಎಸ್ (ಐಟಿಐ ಬೋಧಕರ ತರಬೇತಿ ಕೋರ್ಸ್) ಮಾಡಿಕೊಂಡವರು ಟ್ರೇಡ್ ಕೋಡಿನಲ್ಲೇ, ಅಂದರೆ ಫಿಟ್ಟರ್, ಎಲೆಕ್ಟ್ರಿಷಿಯನ್ ಅಂತ, ಹೋಗುವುದು ಒಳ್ಳೆಯದಾ ಅಂತ ಮೊದಲೇ ಯೋಚಿಸಿ. ಆಗ ಪರಿಶೀಲಿಸುವ ಸಂಸ್ಥೆಯೂ ಬೇರೆ, ಕೈಕೆಲಸದ ಅನುಭವವನ್ನೇ ಕೇಳುತ್ತಾರೆ.

ಹಂತ 3: ಅನುಭವ ಪತ್ರ

ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಪತ್ರ ಹೀಗಿರುತ್ತದೆ: ‘ಇವರು ನಮ್ಮ ಸಂಸ್ಥೆಯಲ್ಲಿ ಇಂತಿಷ್ಟು ವರ್ಷ ಕೆಲಸ ಮಾಡಿರುತ್ತಾರೆ. ಇವರ ನಡತೆ ಉತ್ತಮವಾಗಿದೆ. ಇವರ ಮುಂದಿನ ಭವಿಷ್ಯಕ್ಕೆ ಶುಭ ಹಾರೈಸುತ್ತೇವೆ.’ ಸೀಲು, ಸಹಿ. ಮದುವೆ ಸಂಬಂಧಕ್ಕೆ ಇದು ಸಾಕು, ವಲಸೆಗೆ ಸಾಲದು. ನಿಮ್ಮ ನಡತೆ ಯಾರೂ ಕೇಳಿಲ್ಲ.

ಬೇಕಾದದ್ದು ಇಷ್ಟು. ಲೆಟರ್‌ಹೆಡ್, ಅದರಲ್ಲಿ ವಿಳಾಸ, ಫೋನು, ಇಮೇಲ್. ಸೇರಿದ ದಿನ, ಬಿಟ್ಟ ದಿನ ಅಥವಾ ‘ಈಗಲೂ ಕೆಲಸದಲ್ಲಿದ್ದಾರೆ’ ಅನ್ನುವ ಮಾತು. ಹುದ್ದೆ. ವಾರಕ್ಕೆ ಎಷ್ಟು ಗಂಟೆ. ಸಂಬಳ. ಮುಖ್ಯ ಕೆಲಸಗಳು ಕಡೇಪಕ್ಷ ಐದು. ಸಹಿ ಮಾಡಿದವರ ಹೆಸರು, ಹುದ್ದೆ, ಅವರನ್ನು ಸಂಪರ್ಕಿಸುವ ದಾರಿ.

ಇದರಲ್ಲಿ ‘ವಾರಕ್ಕೆ ಎಷ್ಟು ಗಂಟೆ’ ಅನ್ನುವ ಒಂದು ಸಾಲು ಎಷ್ಟು ಜನರನ್ನು ಅಲ್ಲಾಡಿಸಿದೆಯೋ! ವೆಟಾಸೆಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಾರಕ್ಕೆ ಕಡೇಪಕ್ಷ 20 ಗಂಟೆ, ಅದೂ ಸಂಬಳ ಕೊಟ್ಟ ಕೆಲಸ. ಅತಿಥಿ ಉಪನ್ಯಾಸಕರಾಗಿ ಗಂಟೆಗಿಷ್ಟು ಅಂತ ದುಡಿದವರ ಗತಿ ಏನು? ಪತ್ರದಲ್ಲಿ ಬರೀ ಪಾಠದ ಪಿರಿಯಡ್ ಎಣಿಸಿ ‘ವಾರಕ್ಕೆ 12 ಗಂಟೆ’ ಅಂತ ಬರೆಸಿಕೊಂಡರೆ ಆ ವರ್ಷ ಲೆಕ್ಕಕ್ಕಿಲ್ಲ. ವರ್ಕ್‌ಶಾಪ್ ಪ್ರಾಕ್ಟಿಕಲ್, ಇಂಟರ್ನಲ್ ಮಾರ್ಕ್ಸ್, ಲೆಸನ್ ಪ್ಲಾನ್, ಮಕ್ಕಳ ಪ್ರಾಜೆಕ್ಟ್ ಇವೆಲ್ಲ ಕೆಲಸ ಅಲ್ವಾ? ನಿಜವಾಗಿ ಮಾಡಿದ್ದರೆ, ಅದಕ್ಕೆ ಸಂಬಳವೂ ಸಿಕ್ಕಿದ್ದರೆ, ಅವೂ ಗಂಟೆಯಲ್ಲಿ ಸೇರಿರಬೇಕು. ಮಾಡದೆ ಬರೆಸಬೇಡಿ. 12 ಗಂಟೆಗೆ ಮಾತ್ರ ದುಡ್ಡು ಕೊಟ್ಟಿದ್ದಾರೆ ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ಹೇಳಿಬಿಡುತ್ತದೆ. ಬರುವ ವರ್ಷಕ್ಕೆ ಪೂರ್ಣಾವಧಿ ಕೆಲಸ ಹಿಡಿಯುವುದೇ ಅದಕ್ಕಿಂತ ಲೇಸು. ಕಳೆದ ಐದು ವರ್ಷದೊಳಗೆ ಒಂದು ವರ್ಷದ ಅನುಭವವಂತೂ ಇರಲೇಬೇಕು.

ಕೆಲಸಗಳನ್ನು ಹೇಗೆ ಬರೆಯುವುದು? ಇಂಟರ್ನೆಟ್ಟಿನಲ್ಲಿ ಈ ಕೋಡಿನ ವಿವರಣೆ ಸಿಗುತ್ತದೆ, ಅದನ್ನೇ ಇಳಿಸಿಕೊಳ್ಳುತ್ತಾರೆ. ಅವರೇ ಬರೆದದ್ದನ್ನು ಅವರಿಗೇ ತೋರಿಸಿದರೆ ಗೊತ್ತಾಗುವುದಿಲ್ಲವಾ? ನಿಮ್ಮ ವರ್ಕ್‌ಶಾಪ್ ಕಾಣುವ ಹಾಗೆ ಬರೆಯಿರಿ. ‘ವಿದ್ಯಾರ್ಥಿಗಳಿಗೆ ತರಬೇತಿ ನೀಡುವುದು’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಎರಡು ವರ್ಷದ ಫಿಟ್ಟರ್ ಟ್ರೇಡಿನ ಮೊದಲ ವರ್ಷದ ಬ್ಯಾಚಿಗೆ ಫೈಲಿಂಗ್, ಡ್ರಿಲ್ಲಿಂಗ್, ಲೇತ್ ಪ್ರಾಕ್ಟಿಕಲ್ ಕಲಿಸುವುದು, ಒಬ್ಬೊಬ್ಬರ ಜಾಬ್ ಅಳತೆ ಮಾಡಿ ಅಂಕ ಹಾಕುವುದು, ಬೈಕಂಪಾಡಿ ಕಡೆಯ ಕಾರ್ಖಾನೆಗಳಿಗೆ ತರಬೇತಿಗೆ ಕಳಿಸಿ ವರದಿ ತರಿಸುವುದು’ ಅಂದರೆ ಮಾಸ್ಟ್ರು ಎದ್ದು ಬರುತ್ತಾರೆ. ಹೊಟೇಲ್ ಮ್ಯಾನೇಜ್‌ಮೆಂಟ್ ಟೀಚರಾದರೆ ಅಡುಗೆಮನೆ ಪ್ರಾಕ್ಟಿಕಲ್, ಸ್ವಚ್ಛತೆಯ ನಿಯಮ, ಸರ್ವಿಸ್ ಪರೀಕ್ಷೆ ಅಂತ ಬಿಡಿಸಿ. ಅಂಗಡಿಯಲ್ಲಿ ಟೈಪ್ ಮಾಡಿಕೊಡುವ ರೆಡಿಮೇಡ್ ಪತ್ರ ಮಾತ್ರ ಬೇಡವೇ ಬೇಡ. ಒಂದೇ ನಮೂನೆಯ ಮೂರು ಪತ್ರ, ಮೂರು ಬೇರೆ ಬೇರೆ ಕಾಲೇಜಿನ ಸೀಲಿನಲ್ಲಿ, ನಾನೇ ನೋಡಿದ್ದೇನೆ. ಸ್ಪೆಲ್ಲಿಂಗ್ ತಪ್ಪು ಕೂಡ ಮೂರರಲ್ಲೂ ಒಂದೇ.

ಪ್ರಾಂಶುಪಾಲರ ಹತ್ತಿರ ಹೇಗೆ ಕೇಳುವುದು ಅನ್ನುವುದೂ ಒಂದು ಕಲೆ. ‘ಸರ್, ಒಂದು ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡಿ’ ಅಂದರೆ ಕ್ಲರ್ಕ್ ಆ ಶುಭ ಹಾರೈಕೆಯದ್ದೇ ಪ್ರಿಂಟ್ ತೆಗೆಯುತ್ತಾರೆ. ಕರಡು ನೀವೇ ಬರೆದುಕೊಂಡು ಹೋಗಿ, ‘ಸರ್, ಇದರಲ್ಲಿ ತಪ್ಪಿದ್ದರೆ ತಿದ್ದಿ’ ಅಂತ ಕೊಡಿ. ಅಡ್ಮಿಷನ್ ಸಮಯದಲ್ಲಿ ಹೋಗಬೇಡಿ. ಪರೀಕ್ಷೆ ಮುಗಿದ ವಾರ ಒಳ್ಳೆಯದು.

ಆಮೇಲೆ ಫೋನು. ಪರಿಶೀಲಿಸುವವರು ಕರೆ ಮಾಡಬಹುದು. ನನ್ನ ಗೆಳೆಯನೊಬ್ಬನ ವಿಷಯದಲ್ಲಿ ಕಾಲೇಜಿನ ಲ್ಯಾಂಡ್‌ಲೈನಿಗೆ ಕರೆ ಬಂತು. ಎತ್ತಿದವರು ಹೊಸ ಅಟೆಂಡರ್. ‘ಆ ಹೆಸರಿನವರು ಇಲ್ಲಿ ಇಲ್ಲ ಮಾರಾಯ್ರೆ’ ಅಂದುಬಿಟ್ಟರು. ಮತ್ತೆ ಸರಿಪಡಿಸಲು ಎರಡು ತಿಂಗಳು ಹೋಯಿತು. ಆಫೀಸಿನಲ್ಲಿ ಒಂದು ಮಾತು ಮೊದಲೇ ಹೇಳಿಡಿ. ಸಂಸ್ಥೆ ಮುಚ್ಚಿದ್ದರೆ, ಪತ್ರ ಕೊಡಲು ಒಪ್ಪದಿದ್ದರೆ, ಅಫಿಡವಿಟ್‌ಗೆ ಅವಕಾಶ ಉಂಟು. ಆದರೆ ಅದರ ಜೊತೆ ಬೇರೆ ದಾಖಲೆ ಬಲವಾಗಿರಬೇಕು.

ಆ ಬೇರೆ ದಾಖಲೆ ಅಂದರೆ ಸಂಬಳದ್ದು. ಫಾರ್ಮ್ 16, ಪಿಎಫ್ ಪಾಸ್‌ಬುಕ್, ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್. ವೋಚರಿನಲ್ಲಿ ಸಹಿ ಹಾಕಿಸಿ ಕೈಯಲ್ಲಿ ಸಂಬಳ ಕೊಡುವ ಸಂಸ್ಥೆಯಲ್ಲಿ ಇದ್ದೀರಾದರೆ ಈ ತಿಂಗಳಿನಿಂದಲೇ ಬ್ಯಾಂಕಿಗೆ ಹಾಕಲು ಕೇಳಿಕೊಳ್ಳಿ. ಸರ್ಕಾರಿ ನೇಮಕಾತಿ ಆದೇಶ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ, ಮೂಲವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ.

ಹೆಸರಿನ ತೊಂದರೆ ನಮ್ಮ ಊರಿನ ವಿಶೇಷ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಕಾಲೇಜಿನಲ್ಲಿ ಶೆಟ್ಟಿ, ಪೂಜಾರಿ ಸೇರಿಕೊಂಡಿರುತ್ತದೆ. ಎಲ್ಲ ಒಬ್ಬರೇ ಅಂತ ನೋಟರಿಯಿಂದ ಅಫಿಡವಿಟ್ ಈಗಲೇ ಮಾಡಿಸಿ.

ಹಂತ 4: ಇಂಗ್ಲಿಷ್

ಐಇಎಲ್‌ಟಿಎಸ್‌ನಲ್ಲಿ ನಾಲ್ಕೂ ವಿಭಾಗದಲ್ಲಿ 6 ಬಂದರೆ ಅರ್ಹತೆ ಮಾತ್ರ, ವೀಸಾದ ಲೆಕ್ಕಕ್ಕೆ ಅಂಕ ಸೊನ್ನೆ. ನಾಲ್ಕರಲ್ಲೂ 7 ಬಂದರೆ 10 ಅಂಕ, 8 ಬಂದರೆ 20. ಸರಾಸರಿ ಅಲ್ಲ, ಒಂದೊಂದರಲ್ಲೂ. ಬರವಣಿಗೆ ಅಭ್ಯಾಸ ಮಾಡಿ, ಹತ್ತು ದಿನದ ಕ್ರಾಶ್ ಕೋರ್ಸಿಗೆ ದುಡ್ಡು ಸುರಿಯಬೇಡಿ.

ಹಂತ 5: ಅಂಕದ ಲೆಕ್ಕ

ವೀಸಾಕ್ಕೆ ಕನಿಷ್ಠ 65 ಅಂಕ ಬೇಕು. ವಯಸ್ಸು 45ರ ಒಳಗೆ. 34 ವರ್ಷದ ಬಿಇ ಮಾಸ್ಟ್ರೊಬ್ಬರು ಹೀಗೆ ಕೂಡಿಸುತ್ತಾರೆ: ವಯಸ್ಸಿಗೆ 25, ಡಿಗ್ರಿಗೆ 15, ಎಂಟು ವರ್ಷದ ಅನುಭವಕ್ಕೆ 15, ಇಂಗ್ಲಿಷಿಗೆ 10. ಒಟ್ಟು 65. ಖುಷಿ! ಆದರೆ ವೆಟಾಸೆಸ್ ಮೊದಲ ಒಂದು ವರ್ಷವನ್ನು ಅರ್ಹತೆಗೆ ಅಂತ ಕತ್ತರಿಸಿದರೆ ಅನುಭವ ಏಳು ವರ್ಷಕ್ಕೆ ಇಳಿಯಿತು, ಅಂಕ 10 ಆಯಿತು. ಈಗ ಕೈಯಲ್ಲಿ 60. ವೆಟಾಸೆಸ್‌ನ ಫಲಿತಾಂಶದ ಪತ್ರ ಬರುವ ಮೊದಲೇ ದೊಡ್ಡ ಅಂಕ ತುಂಬಿಸಿ ಅರ್ಜಿ ಹಾಕಿದವರು ಆಮೇಲೆ ಸಾಬೀತು ಮಾಡಲಾಗದೆ ವೀಸಾ ಕಳೆದುಕೊಳ್ಳುತ್ತಾರೆ.

ಹಂತ 6: ಆಸಕ್ತಿ ತಿಳಿಸುವುದು

ವೀಸಾಕ್ಕೆ ನೇರ ಅರ್ಜಿ ಇಲ್ಲ, ಮೊದಲು ಆಸಕ್ತಿ ತಿಳಿಸಿ ಆಹ್ವಾನಕ್ಕೆ ಕಾಯಬೇಕು. ಈ ಕೋಡಿಗೆ 189, ಅಂದರೆ ರಾಜ್ಯದ ನಾಮನಿರ್ದೇಶನ ಬೇಡದ ಖಾಯಂ ವೀಸಾ, ಸಿಗುವುದಿಲ್ಲ. 190 ಮತ್ತು 491 ವೀಸಾಗಳೇ ನಿಮ್ಮ ದಾರಿ. ಎರಡಕ್ಕೂ ಒಂದು ರಾಜ್ಯದ ನಾಮನಿರ್ದೇಶನ ಬೇಕು. 190ಕ್ಕೆ 5 ಅಂಕ ಸೇರುತ್ತದೆ, ಬಂದರೆ ಖಾಯಂ ವಾಸ. 491ಕ್ಕೆ 15 ಅಂಕ, ಆದರೆ ಐದು ವರ್ಷದ ವೀಸಾ, ದೊಡ್ಡ ನಗರದ ಹೊರಗೆ ಇರಬೇಕು. ಮೂರು ವರ್ಷ ಅಲ್ಲಿ ಕಳೆದ ಮೇಲೆ ಖಾಯಂಗೆ 191 ಹಾಕಬಹುದು. ಮಕ್ಕಳು ಸಣ್ಣವರಿದ್ದರೆ ನಾನು 491ಕ್ಕೇ ಹೋಗು ಅನ್ನುತ್ತೇನೆ. ರಾಜ್ಯಗಳ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ, ಹೊಸ ವರ್ಷ ಶುರುವಾಗುವುದು ಜುಲೈ 1ಕ್ಕೆ. ಆಹ್ವಾನ ಬಂದ ಮೇಲೆ ವೀಸಾಕ್ಕೆ ಅರ್ಜಿ ಹಾಕಲು ಸಿಗುವುದು 60 ದಿನ.

ಏಜೆಂಟ್ ಬೇಕೇ? ಬೇಕಾದರೆ ಒಮಾರಾ, ಅಂದರೆ ವಲಸೆ ಏಜೆಂಟರನ್ನು ನೋಂದಾಯಿಸುವ ಆಸ್ಟ್ರೇಲಿಯಾದ ಸರ್ಕಾರಿ ಕಚೇರಿ, ಕೊಟ್ಟ ನೋಂದಣಿ ಸಂಖ್ಯೆ ಕೇಳಿ, ಅವರ ಪಟ್ಟಿಯಲ್ಲಿ ನೀವೇ ಹುಡುಕಿ. ಗೋಡೆಯ ಮೇಲೆ ಫ್ರೇಮು ಹಾಕಿ ತೂಗಿಸಿದ ಸರ್ಟಿಫಿಕೇಟ್ ಆ ಸಂಖ್ಯೆಗೆ ಸಮ ಅಲ್ಲ. ಹೊರಡುವ ಮೊದಲು ಆನ್‌ಲೈನಿನಲ್ಲಿ ಅಗ್ಗದ ‘ಟ್ರೇನಿಂಗ್ ಆ್ಯಂಡ್ ಅಸೆಸ್‌ಮೆಂಟ್’ ಸರ್ಟಿಫಿಕೇಟ್ ಕೊಳ್ಳಲು ಹೇಳುವವರೂ ಇದ್ದಾರೆ. ಪಾಠ ಮಾಡಲು ಅಲ್ಲಿ ಅದು ಬೇಕು, ನಿಜ. ಆದರೆ ಅಲ್ಲಿ ಹೋಗಿಯೇ ಒಳ್ಳೆಯ ಆರ್‌ಟಿಒದಲ್ಲಿ ಮಾಡಿ. ಗಾಬರಿ ಬೇಡ, ಅಲ್ಲಿ ಆರ್‌ಟಿಒ ಅಂದರೆ ಗಾಡಿ ಲೈಸೆನ್ಸ್ ಕೊಡುವ ಕಚೇರಿ ಅಲ್ಲ, ನೋಂದಾಯಿತ ತರಬೇತಿ ಸಂಸ್ಥೆ.

ಹಂತ 7: ಪೊಲೀಸ್ ಕ್ಲಿಯರೆನ್ಸ್

ಇಲ್ಲಿಯದ್ದು ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುತ್ತದೆ, ಕಷ್ಟವಿಲ್ಲ. ಕಷ್ಟ ಗಲ್ಫಿನದ್ದು. ಕಳೆದ ಹತ್ತು ವರ್ಷದಲ್ಲಿ ಒಟ್ಟು 12 ತಿಂಗಳು ಇದ್ದ ಎಲ್ಲ ದೇಶದ ಕ್ಲಿಯರೆನ್ಸ್ ಬೇಕು. ಪಾಠಕ್ಕೆ ಬರುವ ಮೊದಲು ಗಲ್ಫಿನಲ್ಲಿ ದುಡಿದು ಬಂದ ಎಷ್ಟೋ ಮಾಸ್ಟ್ರುಗಳು ಇದನ್ನು ಮರೆತಿರುತ್ತಾರೆ. ಬಿಟ್ಟು ಬಂದ ಮೇಲೆ ತೆಗೆಯುವುದು ಉದ್ದದ ಕೆಲಸ. ಹಳೆ ಪಾಸ್‌ಪೋರ್ಟ್, ಹಳೆ ವೀಸಾ ಪುಟ, ಗುರುತಿನ ಚೀಟಿಯ ನಕಲು ಮನೆಯಲ್ಲಿ ಎಲ್ಲಿವೆ ಅಂತ ಆಹ್ವಾನಕ್ಕೆ ಕಾಯುವಾಗಲೇ ಹುಡುಕಿಟ್ಟುಕೊಳ್ಳಿ. ಮಳೆಗಾಲದಲ್ಲಿ ಗೋದ್ರೆಜಿನ ಕೆಳಗಿನ ಅರೆಯಲ್ಲಿ ಇಟ್ಟ ಪಾಸ್‌ಪೋರ್ಟಿಗೆ ಬೂಷ್ಟು ಹಿಡಿದಿದ್ದರೆ ಒಣಗಿಸಿ, ಪುಟ ಪುಟವೂ ಸ್ಕ್ಯಾನ್ ಮಾಡಿ.