ಬ್ರೇಕ್ ಬಿಡುವುದನ್ನು ಕಲಿಸಲು ನಾನು ಕಲಿತದ್ದು

ಹದಿನೈದು ವರ್ಷ ರೇಸ್‌ಗಳಲ್ಲಿ ಕಾರು ಓಡಿಸಿದ ಮೇಲೆ, ತರಬೇತುದಾರನಾಗಿ ಪಕ್ಕದ ಸೀಟಿನಲ್ಲಿ ಕುಳಿತ ಮೊದಲ ದಿನವೇ, ಇಷ್ಟು ಕಾಲ ನನ್ನ ಬಲಗಾಲು ಮಾಡುತ್ತಿದ್ದ ಕೆಲಸವನ್ನು ಮಾತಿನಲ್ಲಿ ವಿವರಿಸಲು ನನಗೆ ಬರುವುದಿಲ್ಲವೆಂಬುದು ಅರಿವಾಯಿತು. ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಯಿಂದ ಒಂಟಿ ಸೀಟಿನ ಕಾರುಗಳಿಗೆ, ಅಲ್ಲಿಂದ ರಸ್ತೆ ಕಾರುಗಳನ್ನೇ ರೇಸ್‌ಗೆ ಅಣಿಗೊಳಿಸಿದ ಟೂರಿಂಗ್ ಕಾರುಗಳಿಗೆ ಬಂದವನು ನಾನು. "ಇನ್ನೂ ತಡವಾಗಿ ಬ್ರೇಕ್ ಹಾಕು" ಎಂಬುದಷ್ಟೇ ನನಗೆ ಸಿಕ್ಕಿದ್ದ ಪಾಠ. ಶಿಷ್ಯರಿಗೂ ಅದನ್ನೇ ದಾಟಿಸಿದೆ. ಅವರು ತಡವಾಗಿ ಬ್ರೇಕ್ ತುಳಿದು, ತಿರುವು ಎದುರಾದೊಡನೆ ಥಟ್ಟನೆ ಕಾಲು ತೆಗೆಯುತ್ತಿದ್ದರು. ಕಾರು ತಿರುಗದೆ ಟ್ರ್ಯಾಕ್‌ನ ಹೊರ ಅಂಚಿಗೆ ಜಾರುತ್ತಿತ್ತು.

ಬ್ರೇಕ್ ತುಳಿದಾಗ ಕಾರಿನ ಭಾರ ಮುಂದಿನ ಟೈರ್‌ಗಳ ಮೇಲೆ ಬಂದು ಕೂರುತ್ತದೆ. ಪ್ರತಿ ಟೈರ್ ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಅಂಗೈಯಷ್ಟೇ ಆದರೂ, ಭಾರ ಇರುವವರೆಗೆ ಅದರ ಹಿಡಿತ ಗಟ್ಟಿಯಾಗಿರುತ್ತದೆ. ಕಾಲನ್ನು ಒಮ್ಮೆಲೇ ತೆಗೆದರೆ ಮೂತಿ ಮೇಲೇಳುತ್ತದೆ, ಭಾರ ಹಿಂದಕ್ಕೆ ಸರಿಯುತ್ತದೆ, ತಿರುಗಬೇಕಾದ ಟೈರ್‌ಗಳೇ ಹಗುರವಾಗುತ್ತವೆ. ಸ್ಟಿಯರಿಂಗ್ ತಿರುಗುತ್ತ ಹೋದಂತೆ ಪೆಡಲ್ ಮೇಲಿನ ಒತ್ತಡ ಅದೇ ಪ್ರಮಾಣದಲ್ಲಿ ಇಳಿಯುತ್ತ ಹೋಗಬೇಕು. ಟ್ರೇಲ್ ಬ್ರೇಕಿಂಗ್ ಎಂದರೆ ಇದೇ, ಮತ್ತು ರೇಸ್ ಚಾಲಕನ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲವೆಂದು ನಾನು ನಂಬಿದ್ದೇನೆ.

ಇದನ್ನು ಕಲಿಸಲು ವೇಗವನ್ನು ಮೊದಲು ಇಳಿಸುತ್ತೇನೆ. ಒಂದೇ ತಿರುವು, ಅರ್ಧದಷ್ಟೇ ವೇಗ. ಗಟ್ಟಿಯಾಗಿ ತುಳಿದ ಮೇಲೆ ನಾಲ್ಕರವರೆಗೆ ಎಣಿಸುತ್ತ ಬಿಡಬೇಕು. ಆಮೇಲೆ ಡೇಟಾ ಲಾಗರ್ ಎಂಬ ಉಪಕರಣದಲ್ಲಿ ದಾಖಲಾದ ಬ್ರೇಕ್ ಒತ್ತಡದ ಗೆರೆಯನ್ನು ಇಬ್ಬರೂ ಕೂತು ನೋಡುತ್ತೇವೆ. ಹೊಸಬರ ಗೆರೆ ಎರಡೂ ಕಡೆ ಗೋಡೆಯಂತೆ ನೆಟ್ಟಗಿರುತ್ತದೆ. ಪಳಗಿದವರದು ಸರಕ್ಕನೆ ಏರಿ, ಉದ್ದನೆಯ ಇಳಿಜಾರಾಗಿ ಮುಗಿಯುತ್ತದೆ. ದೃಷ್ಟಿಯ ಪಾಠವೂ ಜೊತೆಗೇ ನಡೆಯುತ್ತದೆ: ಗಂಟೆಗೆ 200 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 55 ಮೀಟರ್ ದಾಟುವುದರಿಂದ, ಮೂತಿಯ ಮುಂದಿನ ನೆಲವನ್ನೇ ನೋಡುವವನ ಕಾಲು ಹೆದರಿ ಮೇಲೇಳುತ್ತದೆ.

ಅಮೆರಿಕದ ರೇಸ್ ಚಾಲಕ ಬಾಬ್ ಬಾಂಡುರಾಂಟ್ 1967ರಲ್ಲಿ ಅಲ್ಲಿನ ವಾಟ್ಕಿನ್ಸ್ ಗ್ಲೆನ್ ಟ್ರ್ಯಾಕ್‌ನಲ್ಲಿ ಸ್ಟಿಯರಿಂಗ್ ಭಾಗ ಮುರಿದು ಭೀಕರ ಅಪಘಾತಕ್ಕೀಡಾದರು. ಮರುವರ್ಷವೇ ಅಮೆರಿಕದಲ್ಲಿ ಚಾಲನಾ ಶಾಲೆ ತೆರೆದರು. ನಾನು ಸ್ಪರ್ಧೆ ಬಿಟ್ಟದ್ದು ಬೆನ್ನುನೋವಿನಿಂದ, ಅಂಥ ಪೆಟ್ಟಿನಿಂದಲ್ಲ. ಆದರೂ ಕಲಿಸುವುದು ಎರಡನೇ ದರ್ಜೆಯ ಕೆಲಸವೆಂಬ ಅಳುಕು ನನ್ನನ್ನು ಬಿಟ್ಟದ್ದು ಅವರ ವಿಷಯ ತಿಳಿದ ಮೇಲೆಯೇ.

ಒಬ್ಬ ಶಿಷ್ಯೆಗೆ ಎರಡು ದಿನವಾದರೂ ಆ ಇಳಿಜಾರು ಕೈಗೂಡಲಿಲ್ಲ. ಕೊನೆಗೆ ಅವರ ಪಾದದ ಕಡೆ ನೋಡಿದೆ: ದಪ್ಪ ಅಡಿಯ ಓಟದ ಶೂ, ಪೆಡಲ್ ಮರಳಿ ಒತ್ತುವುದು ಪಾದಕ್ಕೆ ತಿಳಿಯುವಂತೆಯೇ ಇರಲಿಲ್ಲ. ತೆಳು ಅಡಿಯ ರೇಸಿಂಗ್ ಶೂ ಹಾಕಿಸಿದೆ. ಮೂರನೇ ಲ್ಯಾಪ್‌ನಲ್ಲಿ ಕಾರಿನ ಮೂತಿ ತಿರುವಿನ ಒಳ ಅಂಚು ಮುಟ್ಟುವವರೆಗೆ ಬಾಗಿಯೇ ಇತ್ತು, ಅವರು ಗಟ್ಟಿಯಾಗಿ "ನಾಲ್ಕು" ಎಂದರು.