ಹೈಸ್ಕೂಲ್ ವಾಲಿಬಾಲ್ ತಂಡದ ನಡತೆ: ಭಾಷಣ ಬಿಡಿ, ಆಟದ ನಿಯಮದಿಂದ ಶುರು ಮಾಡಿ

ಶಾಲೆ ಶುರುವಾಗಿ ತಂಡ ಕಟ್ಟುವಷ್ಟರಲ್ಲಿ ವಲಯ ಮಟ್ಟದ ಪಂದ್ಯ ಬಂದುಬಿಡುತ್ತದೆ. ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ. ಈ ಗಡಿಬಿಡಿಯಲ್ಲಿ ಹೆಚ್ಚಿನ ಕಡೆ ನಡತೆಯ ವಿಷಯ ಒಂದು ಭಾಷಣದಲ್ಲಿ ಮುಗಿದುಹೋಗುತ್ತದೆ. ಶಿಸ್ತು, ಒಗ್ಗಟ್ಟು, ಗೌರವ ಅಂತ ಹೇಳುತ್ತೇವೆ, ಮಕ್ಕಳು ತಲೆ ಆಡಿಸುತ್ತಾರೆ. ಆದರೆ ಎಂಟನೇ ಕ್ಲಾಸಿನ ಹುಡುಗಿಗೆ ‘ಒಗ್ಗಟ್ಟಾಗಿರು’ ಅಂದರೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಪಾಯಿಂಟ್ ಹೋದ ಕೂಡಲೇ ಎಲ್ಲಿಗೆ ಓಡಬೇಕು, ಏನು ಹೇಳಬೇಕು ಅಂದರೆ ತಿಳಿಯುತ್ತದೆ.

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿಇ ಟೀಚರ್. ಹುಡುಗಿಯರ ತಂಡ ನೋಡಿಕೊಳ್ಳುತ್ತೇನೆ. ಮಣ್ಣಿನ ಅಂಕಣ, ಸುಣ್ಣದ ಗೆರೆ, ಮಳೆ ಬಂದರೆ ನೆಟ್ ಬಿಚ್ಚಿಕೊಂಡು ಜಗಲಿಗೆ ಓಟ. ಇಲ್ಲಿ ನನಗೆ ಕೆಲಸಕ್ಕೆ ಬಂದ ದಾರಿ ಒಂದೇ: ಮಕ್ಕಳಿಂದ ಏನೇ ಬಯಸಿದರೂ ಅದನ್ನು ಆಟದ ಯಾವುದಾದರೂ ನಿಯಮಕ್ಕೆ ಕಟ್ಟಿಹಾಕುವುದು. ಆಗ ಅದು ಮಿಸ್ ಹೇಳಿದ ಬುದ್ಧಿಮಾತು ಅಲ್ಲ, ಆಟದ ಭಾಗ.

ಮೊದಲು ‘ನಂದು!’ ಅಂತ ಕೂಗಿಸಿ. ಒಂದು ತಂಡಕ್ಕೆ ಸಿಗುವುದು ಮೂರೇ ಟಚ್. ಬ್ಲಾಕ್ (ನೆಟ್ ಹತ್ತಿರ ಕೈ ಎತ್ತಿ ಎದುರಿನವರ ಚೆಂಡು ತಡೆಯುವುದು) ಬಿಟ್ಟರೆ ಒಬ್ಬಳೇ ಎರಡು ಸಲ ಸತತ ಮುಟ್ಟುವಂತಿಲ್ಲ. ಹಿಡಿದು ಯೋಚಿಸೋಣ ಅಂದರೆ ಅದಕ್ಕೂ ಅವಕಾಶವಿಲ್ಲ. ಹಾಗಾಗಿ ಚೆಂಡು ಯಾರದ್ದು ಅನ್ನುವುದು ಅದು ನೆಟ್ ದಾಟುವಷ್ಟರಲ್ಲಿ ತೀರ್ಮಾನ ಆಗಬೇಕು. ನಮ್ಮ ಊರಿನ ಹುಡುಗಿಯರಿಗೆ ಇದೇ ಕಷ್ಟ. ಮನೆಯಲ್ಲಿ ಮೆಲ್ಲಗೆ ಮಾತಾಡು ಅಂತ ಹೇಳಿಸಿಕೊಂಡು ಬೆಳೆದವರು, ಮೈದಾನದ ಪಕ್ಕ ಹುಡುಗರು ನಿಂತಿದ್ದರೆ ಬಾಯೇ ಬಿಡುವುದಿಲ್ಲ. ಚೆಂಡು ಹತ್ತನೇ ಕ್ಲಾಸಿನವಳಿಗೂ ಎಂಟನೇ ಕ್ಲಾಸಿನವಳಿಗೂ ನಡುವೆ ಬರುತ್ತದೆ. ಚಿಕ್ಕವಳು ಅಕ್ಕನ ಮುಖ ನೋಡುತ್ತಾಳೆ, ಅಕ್ಕ ಇವಳ ಮುಖ ನೋಡುತ್ತಾಳೆ, ಚೆಂಡು ಇಬ್ಬರ ಮಧ್ಯೆ ಧಪ್ ಅಂತ ಬೀಳುತ್ತದೆ.

ಮೊದಲ ವಾರ ಚೆಂಡೇ ಇಲ್ಲದೆ ಕೂಗಿಸಿ. ನೀವು ಕೈ ತೋರಿಸಿದ ಕಡೆ ಓಡಿ ‘ನಂದು!’ ಅನ್ನಬೇಕು, ಪಕ್ಕದವಳು ‘ನಿಂದೇ, ನಿಂದೇ!’ ಅನ್ನಬೇಕು. ಆಮೇಲೆ ಇಬ್ಬರನ್ನು ಮೂರು ಮೀಟರ್ ದೂರದಲ್ಲಿ ನಿಲ್ಲಿಸಿ ಸರಿಯಾಗಿ ನಡುವಿಗೆ ಎಸೆಯಿರಿ. ಕೂಗದೆ ಎತ್ತಿದರೆ, ಎಷ್ಟೇ ಚೆನ್ನಾಗಿ ಎತ್ತಿರಲಿ, ಪಾಯಿಂಟ್ ಕೊಡಬೇಡಿ. ಕೂಗಿಯೂ ಚೆಂಡು ಕೈತಪ್ಪಿದರೆ ಬೈಯಬೇಡಿ. ಈ ಎರಡನೆಯದು ಬಹಳ ಮುಖ್ಯ. ಕೂಗಿದ್ದಕ್ಕೆ ಒಂದು ಸಲ ಬೈಸಿಕೊಂಡ ಹುಡುಗಿ ಮತ್ತೆ ಕೂಗುವುದಿಲ್ಲ.

ಎರಡನೆಯದು, ಪಾಯಿಂಟ್ ಹೋದ ಮೇಲಿನ ನಡತೆ. ತಂಡ ಒಡೆಯುವುದು ಇಲ್ಲೇ. ಬೂಸ್ಟ್ (ಬಂದ ಚೆಂಡನ್ನು ಮುಂಗೈಯಿಂದ ಎತ್ತಿ ಕೊಡುವ ಮೊದಲ ಪಾಸ್) ಕೆಟ್ಟಿತು ಅಂತ ಲಿಫ್ಟರ್ (ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವವಳು) ಸೊಂಟದ ಮೇಲೆ ಕೈ ಇಟ್ಟು ನಿಂತಳು ಅನ್ನಿ, ಹಿಂದೆ ನಿಂತವಳ ಕೈ ಮುಂದಿನ ಚೆಂಡಿಗೂ ನಡುಗುತ್ತದೆ. ನಮ್ಮಲ್ಲಿ ಪಾಯಿಂಟ್ ಬರಲಿ ಹೋಗಲಿ ಆರೂ ಜನ ನಡುವಿಗೆ ಬಂದು ಕೈ ತಟ್ಟಿಯೇ ಜಾಗಕ್ಕೆ ಹೋಗಬೇಕು. ತಪ್ಪು ಮಾಡಿದವಳು ‘ಸಾರಿ’ ಅನ್ನುವಂತಿಲ್ಲ, ಉಳಿದವರು ‘ಮುಂದಿನದು’ ಅಂತ ಮಾತ್ರ ಹೇಳಬೇಕು. ಲಿಫ್ಟರ್‌ಗೆ ಬೇರೆ ಕರೆದು ಒಂದು ಮಾತು ಹೇಳಿ: ಕೆಟ್ಟ ಬೂಸ್ಟನ್ನು ಒಳ್ಳೆಯ ಚೆಂಡು ಮಾಡುವುದೇ ನಿನ್ನ ಕೆಲಸ, ಅದಕ್ಕೇ ನಿನ್ನನ್ನು ಅಲ್ಲಿ ನಿಲ್ಲಿಸಿರುವುದು.

ಸ್ಮ್ಯಾಶ್ ಹೊಡೆಯುವವರಿಗೆ ರೊಟೇಶನ್ ನೆನಪಿಸಿ. ‘ನಾನು ಅಟ್ಯಾಕರ್, ರಿಸೀವ್ ನನ್ನ ಕೆಲಸ ಅಲ್ಲ’ ಅನ್ನುವುದು ಶಾಲಾ ತಂಡದಲ್ಲಿ ನಡೆಯಬಾರದು. ಜಾಗ ತಿರುಗುತ್ತಾ ಎಲ್ಲರೂ ಹಿಂದಕ್ಕೆ ಹೋಗಲೇಬೇಕು, ಸರ್ವಿಸ್ ಹಾಕಲೇಬೇಕು. ಚೆಂಡು ಹೆಕ್ಕುವುದು, ನೆಟ್ ಕಟ್ಟುವುದು, ಸುಣ್ಣ ಹಾಕುವುದೂ ಹಾಗೇ ಸರದಿಯಲ್ಲಿ ನಡೆಯಲಿ. ಚಿಕ್ಕವರಿಗೆ ಮಾತ್ರ ಕೆಲಸ ಹೇಳುವ ಅಕ್ಕಂದಿರನ್ನು ಮೊದಲ ದಿನವೇ ತಡೆಯಿರಿ.

ರೆಫರಿ ಜೊತೆ ಮಾತಾಡುವ ಹಕ್ಕು ನಿಯಮದ ಪ್ರಕಾರ ಕ್ಯಾಪ್ಟನ್‌ಗೆ ಮಾತ್ರ. ಅದಕ್ಕೇ ಕ್ಯಾಪ್ಟನ್ ಅಂದರೆ ಜೋರಾಗಿ ಹೊಡೆಯುವವಳೇ ಆಗಬೇಕಿಲ್ಲ. ಸಿಟ್ಟು ಬಂದಾಗಲೂ ಧ್ವನಿ ಏರಿಸದೆ ‘ಸರ್, ಯಾಕೆ ಕೊಟ್ಟಿರಿ?’ ಅಂತ ಕೇಳಬಲ್ಲವಳನ್ನು ಆರಿಸಿ. ಅವಳು ಕೇಳುವಾಗ ಉಳಿದ ಐವರು ನೆಟ್‌ಗೆ ಬೆನ್ನು ಹಾಕಿ ನಿಲ್ಲಲಿ.

ಪ್ರಾಮಾಣಿಕತೆ ಪರೀಕ್ಷೆಗೆ ಬರುವುದು ಬ್ಲಾಕಿನಲ್ಲಿ. ಚೆಂಡು ಬೆರಳ ತುದಿಗೆ ಸವರಿ ಹೊರಗೆ ಬೀಳುತ್ತದೆ. ರೆಫರಿಗೆ ಕಾಣಲಿಲ್ಲ, ಮುಟ್ಟಿದವಳಿಗೆ ಗೊತ್ತು. ನಮ್ಮ ಮಕ್ಕಳು ಕೈ ಎತ್ತಿ ‘ಟಚ್’ ಅನ್ನಬೇಕು. 24-24 ಆಗಿದ್ದರೂ ಅನ್ನಬೇಕು. ‘ಮಿಸ್, ಎದುರಿನವರು ಹೇಳಲ್ವಲ್ಲ?’ ಅಂತ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಆಗ ದೇಶದೇಶಗಳ ತಂಡಗಳು ಆಡುವ ವಾಲಿಬಾಲ್ ನೇಷನ್ಸ್ ಲೀಗ್‌ನಲ್ಲಿ 2023ರಲ್ಲಿ ಬಂದ ಹಸಿರು ಕಾರ್ಡಿನ ವಿಷಯ ಹೇಳಿ. ಟಚ್ ಆಗಿದ್ದನ್ನು ತಾನಾಗಿ ಒಪ್ಪಿಕೊಂಡ ಆಟಗಾರರಿಗೆ ರೆಫರಿ ಅದನ್ನು ತೋರಿಸುತ್ತಿದ್ದರು. ದೊಡ್ಡ ದೊಡ್ಡ ತಂಡದವರೂ ಒಪ್ಪಿಕೊಳ್ಳುತ್ತಾರೆ ಅಂದರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಇದೇ ಮಾತು ನಮಗೂ ಸಲ್ಲುತ್ತದೆ. ಹದಿನಾಲ್ಕರ ಒಳಗಿನ ವಿಭಾಗಕ್ಕೆ ಹದಿನೈದು ತುಂಬಿದವಳ ಹುಟ್ಟಿದ ದಿನ ತಿದ್ದಿ ಆಡಿಸಿದರೆ, ಆಮೇಲೆ ನಾವು ಟಚ್ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ಸೋತರೂ ಪರವಾಗಿಲ್ಲ, ಈ ಕೆಲಸ ಮಾತ್ರ ಬೇಡ.

ಹೊರಗೆ ಕೂತವರನ್ನು ಸುಮ್ನೆ ಕೂರಿಸಬೇಡಿ. ಒಂದು ಸೆಟ್ಟಿಗೆ ಆರು ಸಬ್‌ಸ್ಟಿಟ್ಯೂಷನ್ ಇದೆ. ಒಳಗೆ ಹೋದವಳಿಗೆ ಎದುರಿನವರ ಸರ್ವಿಸ್ ಎಲ್ಲಿ ಬೀಳುತ್ತಿದೆ ಅಂತ ಗೊತ್ತಿರಬೇಕು. ಒಬ್ಬೊಬ್ಬಳಿಗೂ ಎದುರಿನ ಒಬ್ಬ ಆಟಗಾರ್ತಿಯನ್ನು ವಹಿಸಿ, ಟೈಮ್‌ಔಟ್‌ನಲ್ಲಿ ಅವಳಿಂದಲೇ ಹೇಳಿಸಿ. ಮೂವತ್ತು ಸೆಕೆಂಡಿನಲ್ಲಿ ನಿಮ್ಮ ಮಾತಿಗಿಂತ ಅವಳ ಮಾತೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಯಾರು ಆಡುತ್ತಾರೆ, ಯಾರು ಇಲ್ಲ ಅನ್ನುವುದನ್ನು ಪಂದ್ಯದ ಹಿಂದಿನ ದಿನವೇ, ಕಾರಣದ ಸಮೇತ ಹೇಳಿಬಿಡಿ.

ಇನ್ನು ಸಣ್ಣಪುಟ್ಟವು. ಬಳೆ, ಕಾಲ್ಗೆಜ್ಜೆ, ಓಲೆ ಬಿಚ್ಚಿ ಜಾಮಿಟ್ರಿ ಬಾಕ್ಸಿಗೆ ಹಾಕಬೇಕು. ಉಗುರು ಕತ್ತರಿಸಿರಬೇಕು. ಬರದಿದ್ದರೆ ಮೊದಲೇ ತಿಳಿಸಬೇಕು. ಬೆರಳು ಉಳುಕಿದ್ದನ್ನು, ಹೊಟ್ಟೆನೋವನ್ನು ಮುಚ್ಚಿಡಬಾರದು. ತಂಡದಿಂದ ತೆಗೆದುಬಿಡ್ತಾರೆ ಅನ್ನೋ ಹೆದರಿಕೆಗೆ ಮುಚ್ಚಿಡುತ್ತಾರೆ. ಹಾಗಾಗಿ ಹೇಳಿದವಳ ಜಾಗ ವಾಸಿಯಾಗುವವರೆಗೆ ಕಾದಿರುತ್ತದೆ ಅಂತ ಎಲ್ಲರ ಮುಂದೆ ಮಾತು ಕೊಡಿ, ನಡೆಸಿಕೊಡಿ.

ಅಪ್ಪ ಅಮ್ಮಂದಿರನ್ನು ಒಂದು ಸಲ ಮೈದಾನಕ್ಕೇ ಕರೆಸಿ. ಮಗಳು ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತು ಇರುತ್ತಾಳೆ ಅಂತ ಅವರು ಕಣ್ಣಾರೆ ನೋಡಲಿ. ಹುಡುಗಿಯರು ನಡುವೆ ಆಟ ಬಿಡುವುದು ಹೆಚ್ಚಾಗಿ ಕತ್ತಲಾಗುವ ಭಯಕ್ಕೆ, ಆಸಕ್ತಿ ಇಲ್ಲ ಅಂತಲ್ಲ. ಹೊತ್ತಿಗೆ ಬರಬೇಕು ಅಂತ ನಾವು ಮಕ್ಕಳಿಗೆ ಹೇಳುತ್ತೇವೆ ಅಲ್ವಾ, ಹೊತ್ತಿಗೆ ಬಿಡುವುದು ನಮ್ಮ ಪಾಲಿನ ನಿಯಮ. ಊರಿಗೆ ಕೊನೆಯ ಬಸ್ಸು ಆರು ಗಂಟೆಗಿದ್ದರೆ ಐದೂವರೆಗೆ ನೆಟ್ ಇಳಿಸಿ, ಆಟ ಎಷ್ಟೇ ರಂಗೇರಿದ್ದರೂ.